ಎಂಟು ನರಕೋಶ, ನಾಲ್ಕು ಅಡ್ಡ ತಂತಿ: ನನ್ನ ಅನುಭವ

ಎಂಟು ಹಿಂಡ್‌ಮಾರ್ಷ್-ರೋಸ್ ನರಕೋಶಗಳು (ನಿಜವಾದವಲ್ಲ, ನರಕೋಶದ ಮಿಡಿತವನ್ನು ಅನುಕರಿಸುವ ಗಣಿತದ ಮಾದರಿ) ಕೊನೆಗೂ ಒಟ್ಟಿಗೆ ಮಿಡಿದವು. ಅದೂ ಕಂಪ್ಯೂಟರಿನೊಳಗಲ್ಲ, ಕಾರವಾರದ ನನ್ನ ಮೇಜಿನ ಮೇಲೆ. "ಎರಡಾದರೆ ಸರಿ, ಎಂಟು ಆಗೋ ಮಾತಲ್ಲ" ಎಂದಿದ್ದ ಗೆಳೆಯರೇ ಬಂದು ನೋಡಿ ಹೋದರು.

ಮೊದಲು ಅನಲಾಗ್ ಸರ್ಕ್ಯೂಟ್ ಕಟ್ಟಿದ್ದೆ. ಸಮೀಕರಣದ ವರ್ಗಕ್ಕೊಂದು, ಘನಕ್ಕೊಂದು ಮಲ್ಟಿಪ್ಲೈಯರ್ (ಗುಣಿಸುವ ಚಿಪ್) ಬೇಕು, ಎಡಿ633 ಅನ್ನುವ ಅಂಥ ಚಿಪ್ ಒಂದಕ್ಕೇ ಸಾವಿರದ ಮೇಲೆ. ಎರಡು ಕೋಶಕ್ಕೇ ಐದಾರು ಸಾವಿರ ಹೋಯಿತು. ಮಳೆಗಾಲದಲ್ಲಿ ಕಡಲ ಗಾಳಿಗೆ ಬ್ರೆಡ್‌ಬೋರ್ಡಿನ ಪಿನ್ನುಗಳಿಗೆ ಹಸಿರು ಕಿಲುಬು ಬಂತು. ಎಲ್ಲ ಕೋಶಗಳೂ ಒಂದೇ ಥರ ಇರಬೇಕು ಅನ್ನುವುದೇ, ಜೋಡಿಸಿದ ಕೋಶಗಳು ಯಾವಾಗ ಒಂದಾಗುತ್ತವೆ ಎಂದು ಹೇಳುವ 1998ರ ಪೆಕೋರಾ-ಕ್ಯಾರಲ್ ಲೆಕ್ಕದ ಬುಡ. ಕಿಲುಬು ಹಿಡಿದ ಮೇಲೆ ಎಲ್ಲಿಯ ಒಂದೇ ಥರ?

ಅದನ್ನು ಬಿಟ್ಟು ಎಂಟು ಇಎಸ್‌ಪಿ32 ಬೋರ್ಡ್ (ಪುಟ್ಟ ಮೈಕ್ರೋಕಂಟ್ರೋಲರ್) ತರಿಸಿದೆ. ಒಂದಕ್ಕೆ ನಾನೂರರ ಆಸುಪಾಸು. ಪ್ರತಿ ಬೋರ್ಡೂ ಒಂದು ಕೋಶದ ಸಮೀಕರಣ ಬಿಡಿಸಿ, ತನ್ನ ಎಕ್ಸ್ ಅನ್ನು, ಅಂದರೆ ಕೋಶಪೊರೆಯ ವೋಲ್ಟೇಜಿನ ಲೆಕ್ಕವನ್ನು, ನಿಜವಾದ ವೋಲ್ಟೇಜಾಗಿ ಹೊರಗೆ ಬಿಡುತ್ತದೆ, ಪಕ್ಕದವುಗಳದ್ದನ್ನು ಓದುತ್ತದೆ. ಈ ಸಲ ಎಲ್ಲ ಬೆಸುಗೆ. ಕೋಶವನ್ನು ಮಿಡಿಸುವ ಕರೆಂಟ್ ಸಮೀಕರಣದಲ್ಲಿ 3.2 ಇಟ್ಟೆ.

ಎರಡು ಕೋಶ ಜೋಡಣೆಯ ಬಲ (ಪಕ್ಕದ ಕೋಶದ ಜೊತೆಗಿನ ವ್ಯತ್ಯಾಸ ಎಷ್ಟು ಪಟ್ಟು ಒಳಗೆ ಬರುತ್ತದೆ ಅನ್ನುವುದು) 0.5 ದಾಟುತ್ತಲೇ ಒಂದಾದವು. ಎಂಟನ್ನು ಉಂಗುರವಾಗಿ ಕಟ್ಟಿದರೆ 1.7ರ ಮೇಲೆ ಹೋಗಬೇಕಾಯಿತು. ಅಷ್ಟು ಬಲಕ್ಕೆ ಎಡಿಸಿಯ (ವೋಲ್ಟೇಜನ್ನು ಅಂಕಿ ಮಾಡುವ ಭಾಗದ) ಗದ್ದಲವೂ ಜಾಸ್ತಿ ಒಳಗೆ ಬರುತ್ತದೆ. ಸ್ವಲ್ಪ ಹೊತ್ತು ಒಂದಾಗಿ ಮತ್ತೆ ಚದುರುತ್ತಿದ್ದವು. ವಾರಗಟ್ಟಲೆ ಇದೇ ಕತೆ.

ಆಮೇಲೆ ಬಲ ಏರಿಸುವುದು ಬಿಟ್ಟು ತಂತಿಗೆ ಕೈ ಹಾಕಿದೆ. ಯಾವುದಕ್ಕೆ ಯಾವುದು ಸೇರಿದೆ ಅನ್ನುವುದನ್ನು ಬರೆಯುವ ಕೋಷ್ಟಕ ಲ್ಯಾಪ್ಲಾಸಿಯನ್; ಅದರ ಎರಡನೇ ಐಗನ್‌ವ್ಯಾಲ್ಯೂ ಅನ್ನುವ ಸಂಖ್ಯೆ ದೊಡ್ಡದಾದಷ್ಟೂ ಒಂದಾಗಲು ಕಡಿಮೆ ಬಲ ಸಾಕು. ಉಂಗುರಕ್ಕೆ ಅದು 0.586. ಎದುರುಬದುರು ಕೋಶಗಳಿಗೆ ನಾಲ್ಕು ಅಡ್ಡ ತಂತಿ ಎಳೆದರೆ ಅದು ಸರಿಯಾಗಿ 2. ಎರಡೇ ಕೋಶದ ಜೋಡಿಗೂ ಅಷ್ಟೇ, 2! ಹಾಗಾದರೆ ಎಂಟಕ್ಕೂ 0.5ರ ಹತ್ತಿರವೇ ಸಾಕು, ಅಲ್ವಾ? 0.6 ಇಟ್ಟೆ. ಆಸಿಲೋಸ್ಕೋಪಿನಲ್ಲಿ ಒಂದನೇ ಕೋಶದ ಎದುರು ಮೂರನೆಯದನ್ನು ಹಾಕಿದ್ದೆ. ನೂಲಿನ ಸಿಕ್ಕಿನ ಹಾಗಿದ್ದ ಗೆರೆ ಕ್ಷಣದಲ್ಲಿ ತೆಳ್ಳಗಾಗಿ, ಒಂದೇ ಓರೆ ಗೆರೆಯಾಗಿ ನಿಂತಿತು, ಅಂದರೆ ಎರಡೂ ಒಂದೇ ಥರ ಮಿಡಿಯುತ್ತಿದ್ದವು. ಖರ್ಚು ನಾಲ್ಕು ಸಾವಿರದೊಳಗೆ. ಎಡಿಸಿಯ ಸೊಟ್ಟ ತಿದ್ದಲು ಒಂದು ಟೇಬಲ್ ಮಾಡಿಕೊಂಡಿದ್ದೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ ಸಿನಾಪ್ಸ್ (ನರಕೋಶಗಳ ನಡುವಿನ ಸಂಕೇತದ ಕೊಂಡಿ) ಥರದ ಉತ್ತೇಜಕ ಜೋಡಣೆಯನ್ನೂ ಹಾಕಿದೆ, ಒಂದು ಕೋಶ ಮಿಡಿದಾಗ ಇನ್ನೊಂದನ್ನು ಕೆರಳಿಸುವಂಥದ್ದು. ಅಲ್ಲಿ ಲೆಕ್ಕವೇ ಬೇರೆ. 2005ರಲ್ಲಿ ಬೆಲಿಖ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ಒಂದೊಂದು ಕೋಶಕ್ಕೆ ಎಷ್ಟು ಕಡೆಯಿಂದ ಸಂಕೇತ ಬರುತ್ತದೆ ಅನ್ನುವುದಷ್ಟೇ ಮುಖ್ಯ, ಅದು ಎಲ್ಲಕ್ಕೂ ಸಮ ಇರಬೇಕು. ಎರಡೇ ಕೋಶದ ಜೋಡಿಗೆ ಈ ಜೋಡಣೆಯ ಬಲ 1.3ರ ಹತ್ತಿರ ಬೇಕಾಯಿತು. ಉಂಗುರಕ್ಕೆ ಅದರ ಅರ್ಧ, ಅಡ್ಡ ತಂತಿ ಸೇರಿದರೆ ಮೂರರಲ್ಲಿ ಒಂದು ಪಾಲು. ಒಂದು ಅಡ್ಡ ತಂತಿ ಕಿತ್ತು ನೋಡಿದೆ. ಅದರ ಎರಡು ತುದಿಯ ಕೋಶಗಳು ಆಗಿಂದಾಗ ಬೇರೆ ದಾರಿ ಹಿಡಿದವು.