ಒಂದಡಿ ಹಲಗೆಯ ಮೇಲೆ ಮಲೆನಾಡಿನ ಅಡಿಕೆ ತೋಟ

ಮಾದರಿ ದೃಶ್ಯ ನಿಜವೆನಿಸುವುದು ಅಳತೆಯಿಂದ. ಬಣ್ಣ ಆಮೇಲಿನ ಮಾತು. ಮಾದರಿ ರೈಲುಗಳಿಗೆ ಹೆಚ್ಚು ಬಳಸುವ 1:87 ಅಳತೆ (ನಿಜ ಗಾತ್ರದ 87ನೇ ಒಂದು ಪಾಲು) ಹಿಡಿದರೆ ಐದೂವರೆ ಅಡಿ ಆಳು 19 ಮಿ.ಮೀ., 15 ಮೀಟರ್ ಅಡಿಕೆ ಮರ 17 ಸೆಂ.ಮೀ. ಮರಗಳ ನಡುವಿನ ಒಂಬತ್ತಡಿ ಅಂತರ ಸುಮಾರು 3 ಸೆಂ.ಮೀ. 30×20 ಸೆಂ.ಮೀ. ಪ್ಲೈವುಡ್ ಹಲಗೆಯಲ್ಲಿ ಹಿಂದೆ ಬೆಟ್ಟದ ಇಳಿಜಾರು, ಮುಂದೆ ಸಾಲಿಗೆ ಒಂಬತ್ತರಂತೆ ಮೂರು ಸಾಲು ಮರ ಹಿಡಿಯುತ್ತದೆ.

ತೋಟದ ಭಾಗಕ್ಕೆ 1 ಸೆಂ.ಮೀ. ದಪ್ಪದ ಥರ್ಮಾಕೋಲ್ ಅಂಟಿಸಿ, ಸಾಲುಗಳ ನಡುವೆ 7 ಮಿ.ಮೀ. ಅಗಲದ ಬಸಿಗಾಲುವೆ ಕೊರೆಯಿರಿ. ಇಳಿಜಾರಿಗೆ ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಚಾಕುವಿನಿಂದ ಕೆತ್ತಿ. ಬಿಳಿ ಫೆವಿಕಾಲ್ ಮಾತ್ರ ಬಳಸಿ. ರಬ್ಬರ್ ಅಂಟು, ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಔಷಧಿ ಅಂಗಡಿಯ ಪ್ಲಾಸ್ಟರ್ ಬ್ಯಾಂಡೇಜನ್ನು (ಮುರಿದ ಮೂಳೆಗೆ ಸುತ್ತುವಂಥದ್ದು) ನೀರಲ್ಲಿ ಅದ್ದಿ, ಕಾಲುವೆಯೂ ಸೇರಿ ಎರಡು ಪದರ ಹೊದಿಸಿ. ಪೂರ್ತಿ ಒಣಗುವ ಮೊದಲೇ ಮಣ್ಣು ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ದಿನ ಬೇಕು.

ಹೆಚ್ಚಿನವರು ಎಡವುವುದು ಮಣ್ಣಿನಲ್ಲೇ. 1 ಮಿ.ಮೀ. ಮರಳು ಕಣ ಇಲ್ಲಿ 9 ಸೆಂ.ಮೀ. ಕಲ್ಲು! ಕೆಮ್ಮಣ್ಣನ್ನು ಬಾಣಲೆಯಲ್ಲಿ ಹುರಿದು (ಹುಳು ಸಾಯುತ್ತದೆ), ಚಹಾ ಜರಡಿಯಲ್ಲಿ ಆಡಿಸಿ, ಮತ್ತೆ ತೆಳು ಬಟ್ಟೆಯಲ್ಲಿ ಸೋಸಿ. ಅಂಟು ಸವರಿ ಉದುರಿಸಿ, ನೀರು ಸಿಂಪಡಿಸಿ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಕಲಸಿ ಡ್ರಾಪರ್‌ನಿಂದ ಬಿಡಿ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಅದರಲ್ಲಿರಲೇಬೇಕು. ಇಲ್ಲದಿದ್ದರೆ ಹನಿ ಇಂಗದೆ ಉರುಳಿ ಮಣ್ಣಿನಲ್ಲಿ ಗುಳಿ ಬೀಳುತ್ತದೆ.

ಕಾಂಡಕ್ಕೆ ಮಸಾಲೆ ಹಚ್ಚದ ಊದುಬತ್ತಿಯ ಬಿದಿರು ಕಡ್ಡಿ ಸಾಕು, ದಪ್ಪ ಸರಿಹೊಂದುತ್ತದೆ. ಹಲಗೆಯೊಳಗೆ ಇಳಿಯಲು ಒಂದೂವರೆ ಸೆಂ.ಮೀ. ಹೆಚ್ಚು ಬಿಡಿ. ಬೂದು ಬಣ್ಣ ಬಳಿದು, ಒಂದೂವರೆ ಮಿ.ಮೀ.ಗೊಂದರಂತೆ ತೆಳು ಬಿಳಿ ಗೆರೆ ಸುತ್ತಿ. ತುದಿಯ 1 ಸೆಂ.ಮೀ. ಹಸಿರಿರಲಿ. ಸೋಗೆಗೆ ಕಾಗದವನ್ನು 2.3 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ನಡುವೆ ಮಡಚಿ, ಅಂಚನ್ನು ಓರೆಯಾಗಿ ಸಣ್ಣಗೆ ಸೀಳಿ. ಮರಕ್ಕೆ ಎಂಟು: ಮೇಲಿನವು ನೆಟ್ಟಗೆ, ಕೆಳಗಿನವು ಜೋತು, ಒಂದು ಒಣಗಿದ ಕಂದು. ಅಂಗಡಿಯ ಹಸಿರನ್ನು ಹಾಗೇ ಬಳಿದರೆ ಆಟಿಕೆಯಂತೆ ಕಾಣುತ್ತದೆ, ಚೂರು ಕಂದು ಬೆರೆಸಿ. ಎತ್ತರ 14ರಿಂದ 17 ಸೆಂ.ಮೀ.ವರೆಗೆ ಏರುಪೇರಾಗಲಿ.

ಕೊನೆಗೆ ನೀರು. ಕಾಲುವೆ ತಳಕ್ಕೆ ಗಾಢ ಕಂದು ಬಳಿದು ಒಣಗಿಸಿ, ಎರಡೂ ತುದಿಗೆ ಟೇಪ್ ಒತ್ತಿ ಎಪಾಕ್ಸಿ ರೆಸಿನ್ (ಎರಡು ದ್ರವ ಬೆರೆಸಿದಾಗ ಗಾಜಿನಂತೆ ಗಟ್ಟಿಯಾಗುವ ಅಂಟು) ಸುರಿಯಿರಿ. ಡಬ್ಬಿಯ ಮೇಲಿನ ಪ್ರಮಾಣವನ್ನು ಅಳೆದೇ ಬೆರೆಸಿ. ಕಣ್ಣಂದಾಜು ಹಾಕಿದರೆ ವಾರವಾದರೂ ಅಂಟಂಟು. ಒಮ್ಮೆಗೆ 2 ಮಿ.ಮೀ. ಸಾಕು, ದಪ್ಪ ಸುರಿದರೆ ಬಿಸಿಯೇರಿ ಥರ್ಮಾಕೋಲ್ ಕುಸಿಯುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಗಟ್ಟಿಯಾಗುವವರೆಗೆ ಧೂಳು ಕೂರದಂತೆ ರಟ್ಟಿನ ಪೆಟ್ಟಿಗೆ ಮುಚ್ಚಿ.