ಮೊದಲ ಡಿಜೆ ಕಾರ್ಯಕ್ರಮ: ಮುಂಬೈಯ ಸಭಾಗೃಹಕ್ಕೆ ಹೊರಡುವ ಮುನ್ನ

ಕುರ್ಲಾದ ಬಂಟರ ಸಂಘದ ಸಭಾಗೃಹವಿರಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ವೇದಿಕೆಯಿರಲಿ, ಡೊಂಬಿವಲಿಯ ಸೊಸೈಟಿಯೊಂದರ ಟೆರೇಸಿನ ಮೆಹಂದಿಯಿರಲಿ, ಮನೆಯಲ್ಲಿ ಕಂಟ್ರೋಲರ್ (ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹಾಡು ಬೆಸೆಯುವ ಯಂತ್ರ) ಇಟ್ಟುಕೊಂಡು ಕೆಲವು ತಿಂಗಳು ಕೈ ಪಳಗಿಸಿಕೊಂಡವರಿಗೆ ಮೊದಲ ಕರೆ ಬರುವುದು ಇಂಥ ಕಡೆಯಿಂದಲೇ. ಕರೆಯುವವರು ಪರಿಚಯದವರು, ಕುಣಿಯುವವರು ಆರರಿಂದ ಅರವತ್ತರವರೆಗಿನವರು. ಆ ದಿನ ಏನಾದರೂ ಕೆಟ್ಟರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು: ಹಾಡುಗಳ ಪರಿಚಯ ಸಾಲದು, ಸದ್ದಿನ ಮಟ್ಟ ತಪ್ಪಿತು, ಸಣ್ಣದೊಂದು ಕನೆಕ್ಟರ್ ಇರಲಿಲ್ಲ. ಮೂರು ವಾರ ಕೈಯಲ್ಲಿದ್ದರೆ ಮೂರನ್ನೂ ಸರಿಮಾಡಿಕೊಳ್ಳಬಹುದು.

ಅರವತ್ತು ಹಾಡು, ಅಂಗೈಯಂತೆ

ಹಾಡಿಗೆ ಎರಡೂವರೆ–ಮೂರು ನಿಮಿಷದಂತೆ ಒಂದು ಗಂಟೆಗೆ 20ರಿಂದ 24 ಹಾಡು ಬೇಕು. ಜನರ ಒಲವು ಎತ್ತ ಹೋದರೂ ಬೆನ್ನಟ್ಟಲು 60 ಒಯ್ಯಿರಿ: ಕನ್ನಡ, ತುಳು, ಹಿಂದಿ, ಮರಾಠಿ, ನಾಲ್ಕೂ ಇರಲಿ, ಏಕೆಂದರೆ ವಧುವಿನ ಆಫೀಸಿನ ಗೆಳತಿಯರೂ ಪಕ್ಕದ ಫ್ಲಾಟಿನವರೂ ಬಂದಿರುತ್ತಾರೆ. ಸಾವಿರ ಹಾಡು ತುಂಬಿಕೊಂಡು ಹೋದರೆ ಮುಂದಿನದನ್ನು ಹುಡುಕುವುದರಲ್ಲೇ ಈಗಿನ ಹಾಡು ಮುಗಿದುಹೋಗುತ್ತದೆ.

ಫೈಲ್ 320 ಕೆಬಿಪಿಎಸ್ ಎಂಪಿ3 ಇಲ್ಲವೇ ವೇವ್ ಆಗಿರಲಿ. ವಿಡಿಯೊದಿಂದ ಕಿತ್ತುಕೊಂಡ ಹಾಡು ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ದೊಡ್ಡ ಸ್ಪೀಕರಿನಲ್ಲಿ ಮಾತ್ರ ಮೇಲಿನ ಸ್ವರಗಳು ಕತ್ತರಿಸಿಹೋಗಿ ಕಂಬಳಿ ಹೊದ್ದಂತಿರುತ್ತದೆ. ಆನ್‌ಲೈನ್ ಸ್ಟ್ರೀಮಿಂಗ್ ನಂಬಬೇಡಿ, ನೆಲಮಾಳಿಗೆಯ ಹಾಲ್‌ಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಪ್ರತಿ ಹಾಡಿಗೂ ಕನಿಷ್ಠ ಮೂರು ಹಾಟ್ ಕ್ಯೂ (ಒತ್ತಿದೊಡನೆ ಹಾಡನ್ನು ಅಲ್ಲಿಗೇ ಒಯ್ಯುವ ಗುರುತು) ಹಾಕಿ: ಮೊದಲ ಪೆಟ್ಟು ಬೀಳುವಲ್ಲಿ ಒಂದು, ಪಲ್ಲವಿ ಎತ್ತುವಲ್ಲಿ ಒಂದು, ನೀವು ಹಾಡಿನಿಂದ ಹೊರಬೀಳುವಲ್ಲಿ ಒಂದು. ಕ್ಲಬ್ ಟ್ರ್ಯಾಕುಗಳ ತಲೆಗೂ ಬಾಲಕ್ಕೂ 32 ಬೀಟಿನಷ್ಟು ಬರಿಯ ಡ್ರಮ್ ಇರುತ್ತದೆ, ಇನ್ನೊಂದು ಹಾಡಿನ ಜೊತೆ ಬೆಸೆಯಲೆಂದೇ. ಸಿನಿಮಾ ಹಾಡಿಗೆ ಆ ಅನುಕೂಲವಿಲ್ಲ. ಕೊಳಲಿನ ಒಂದು ಎಳೆ ಬಂದು ನೇರ ಪಲ್ಲವಿ ಶುರು. ಹಾಗಾಗಿ ಹಾಡಿನೊಳಗೆ ಬರಿ ತಾಳ ಮಾತ್ರ ಇರುವ 4 ಅಥವಾ 8 ಬೀಟಿನ ಜಾಗ ಹುಡುಕಿ ಲೂಪ್ ಮಾಡಿ (ಅದೇ ತುಣುಕು ಮತ್ತೆ ಮತ್ತೆ ಬರುವಂತೆ) ಉಳಿಸಿಡಿ. ಬೆಸುಗೆ ಅಲ್ಲಿ.

ಇಲ್ಲೊಂದು ತೊಡಕಿದೆ. ನಮ್ಮ ಕುಣಿತದ ಹಾಡುಗಳಲ್ಲಿ ಎಷ್ಟೋ ತಿಶ್ರ ನಡೆಯವು, ಮೂರರ ಲೆಕ್ಕದವು: ತಕಿಟ, ತಕಿಟ. ತಮಟೆಯ ಓಟ, ಟಪ್ಪಾಂಗುಚ್ಚಿ, ಮರಾಠಿ ಕೋಳಿಗೀತೆ (ಕೋಳಿ ಎಂಬ ಮೀನುಗಾರ ಸಮುದಾಯದ ಹಾಡು) ಎಲ್ಲ ಈ ಬಗೆಯವೇ ಹೆಚ್ಚು. ಡಿಜೆ ಸಾಫ್ಟ್‌ವೇರ್ ಚತುರಶ್ರಕ್ಕೆ, ತಕಧಿಮಿಯ ನಾಲ್ಕರ ಲೆಕ್ಕಕ್ಕೆ ಒಗ್ಗಿದ್ದು. ನಿಮಿಷಕ್ಕೆ 100 ಪೆಟ್ಟಿನ ತಿಶ್ರದ ಹಾಡನ್ನು ಅದು ಒಮ್ಮೊಮ್ಮೆ 150 ಎಂದು ಓದುತ್ತದೆ, ಒಂದೂವರೆ ಪಟ್ಟು. ಪರದೆಯ ಅಂಕಿ ನಂಬಿ, ಎರಡು ಹಾಡಿನ ವೇಗವನ್ನು ತಾನೇ ಹೊಂದಿಸುವ ಸಿಂಕ್ ಒತ್ತಿದರೆ ಎರಡು ತಾಳ ಒಂದರ ಮೇಲೊಂದು ಎಡವುತ್ತವೆ. ಕೈಯಲ್ಲಿ ತಾಳ ಹಾಕುತ್ತ ಟ್ಯಾಪ್ ಬಟನ್ ಒತ್ತಿ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಅಂಕಿ) ತಿದ್ದಿ. ತಿಶ್ರವನ್ನು ತಿಶ್ರದ ಜೊತೆಗೇ ಬೆಸೆಯಿರಿ. ಚತುರಶ್ರಕ್ಕೆ ದಾಟಬೇಕಾದರೆ ಬೆಸೆಯುವ ಸಾಹಸ ಬೇಡ: ಪಲ್ಲವಿಯ ಕೊನೆಯಲ್ಲಿ ಎಕೋ (ಪ್ರತಿಧ್ವನಿ) ಹಾಕಿ ಫೇಡರ್ (ಹಾಡಿನ ಸದ್ದು ಏರಿಳಿಸುವ ಜಾರುಗುಂಡಿ) ಇಳಿಸಿ, ಮುಂದಿನ ಹಾಡನ್ನು ಅದರ ಮೊದಲ ಪೆಟ್ಟಿನಿಂದ ಎತ್ತಿ. 1970–80ರ ದಶಕದ ಹಾಡುಗಳಲ್ಲಿ ವಾದ್ಯವೃಂದ ಕೂತು ನುಡಿಸಿದ್ದು, ವೇಗ ನಡುನಡುವೆ ಹಿಗ್ಗಿ ಕುಗ್ಗುತ್ತದೆ. ಸಾಫ್ಟ್‌ವೇರ್ ಸಮ ಅಂತರದಲ್ಲಿ ಪೆಟ್ಟು ಗುರುತಿಸುವ ನೇರ ಬೀಟ್‌ಗ್ರಿಡ್ ಅದಕ್ಕೆ ಹೊಂದುವುದಿಲ್ಲ. ಅವಕ್ಕೂ ಇದೇ ಉಪಾಯ.

ಬೆಸುಗೆ

ಎರಡೇ ಬಗೆ ಚೆನ್ನಾಗಿ ಕಲಿತರೆ ಮೊದಲ ದಿನಕ್ಕೆ ಸಾಕು: ಮೇಲೆ ಹೇಳಿದ ಎಕೋ ಕಟ್, ಮತ್ತು ಬಾಸ್ ಅದಲುಬದಲು. ಎರಡನೆಯದರಲ್ಲಿ ಬರುವ ಹಾಡಿನ ಲೋ (ಬಾಸ್) ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿಟ್ಟು ಫೇಡರ್ ಏರಿಸಿ. 32 ಬೀಟಿನ ಸುತ್ತು ಮುಗಿಯುವ ಕ್ಷಣಕ್ಕೆ ಹೋಗುವ ಹಾಡಿನ ಲೋ ಇಳಿಸಿ, ಬರುವ ಹಾಡಿನದು ನಡುವಿಗೆ ತನ್ನಿ. 120 ಬಿಪಿಎಂನಲ್ಲಿ ಈ ಸುತ್ತು 16 ಸೆಕೆಂಡು. ಎರಡೂ ಬಾಸ್ ಒಟ್ಟಿಗೆ ನಿಂತರೆ ಸದ್ದು ಕೆಸರಾಗುತ್ತದೆ, ಸದ್ದು ಮಿತಿ ಮೀರದಂತೆ ತಡೆಯುವ ಸಿಸ್ಟಮ್ಮಿನ ಲಿಮಿಟರ್ ಒತ್ತಿ ಇಡೀ ಹಾಡೇ ಉಸಿರು ಕಟ್ಟಿದಂತೆ ಕುಗ್ಗುತ್ತದೆ. ಇಬ್ಬರು ಗಾಯಕರ ದನಿಯನ್ನಂತೂ ಒಂದರ ಮೇಲೊಂದು ಬಿಡಲೇಬೇಡಿ. ಕೀ (ಶ್ರುತಿ) ಹೊಂದಾಣಿಕೆಗಿಂತ ಇದು ಮುಖ್ಯ.

ವೇಗವನ್ನು ಶೇಕಡಾ 4ರೊಳಗೆ ಏರಿಸಿ ಇಳಿಸಿ, ಮಾಸ್ಟರ್ ಟೆಂಪೊ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಕಾಯುವ ಬಟನ್) ಆನ್ ಇರಲಿ. ಅದಕ್ಕಿಂತ ಹೆಚ್ಚಾದರೆ ಕೇಳಿ ಕೇಳಿ ಬಾಯಿಪಾಠವಾದ ಹಾಡು ಓಡುತ್ತಿದೆಯೆಂದು ಜನಕ್ಕೆ ಗೊತ್ತಾಗುತ್ತದೆ.

ಪೆನ್‌ಡ್ರೈವ್, ಲ್ಯಾಪ್‌ಟಾಪ್

ಸೌಂಡಿನವರು ಸಿಡಿಜೆ (ಪೆನ್‌ಡ್ರೈವಿನಿಂದ ಹಾಡು ನುಡಿಸುವ ಡಿಜೆ ಪ್ಲೇಯರ್) ತರುತ್ತಾರಾದರೆ ಮಾಡೆಲ್ ಕೇಳಿಕೊಳ್ಳಿ. 32 ಜಿಬಿಯ ಎರಡು ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎರಡರಲ್ಲೂ ಅದದೇ ಹಾಡು. ಎನ್‌ಟಿಎಫ್‌ಎಸ್ ಆಗಿದ್ದರೆ ಸಿಡಿಜೆ ಓದುವುದಿಲ್ಲ. ಹಾಡುಗಳನ್ನು ಸಿಡಿಜೆಯ ಸಾಫ್ಟ್‌ವೇರಾದ ರೆಕಾರ್ಡ್‌ಬಾಕ್ಸ್‌ನಿಂದಲೇ ಎಕ್ಸ್‌ಪೋರ್ಟ್ ಮಾಡಿ. ಫೋಲ್ಡರಿಗೆ ಎಳೆದು ಹಾಕಿದರೆ ಹಾಡು ಬರುತ್ತದೆ, ಕಷ್ಟಪಟ್ಟು ಹಾಕಿದ ಕ್ಯೂಗಳು ಬರುವುದಿಲ್ಲ. ಒಪಸ್-ಕ್ವಾಡ್‌ನಂಥ ಹೊಸ ಯಂತ್ರಗಳು ಡಿವೈಸ್ ಲೈಬ್ರರಿ ಪ್ಲಸ್ ಎಂಬ ಬೇರೆ ರೂಪ ಕೇಳುತ್ತವೆ, ಎರಡೂ ರೂಪದಲ್ಲಿ ಇಟ್ಟಿರಿ. ಆಮೇಲೆ ಅಭ್ಯಾಸಕ್ಕೆ ಬಾಡಿಗೆ ಕೊಡುವ ಸ್ಟುಡಿಯೊ ಹಿಡಿದು ಅಂಥದೇ ಯಂತ್ರದ ಮೇಲೆ ಒಂದು ಗಂಟೆ ನುಡಿಸಿ ನೋಡಿ. ಇಡೀ ತಯಾರಿಯಲ್ಲಿ ಅತ್ಯಂತ ಸಾರ್ಥಕವಾಗುವ ಖರ್ಚು ಇದು.

ನಿಮ್ಮದೇ ಕಂಟ್ರೋಲರ್, ಲ್ಯಾಪ್‌ಟಾಪ್ ಆದರೆ ಅಪ್‌ಡೇಟ್, ವೈಫೈ, ನೋಟಿಫಿಕೇಷನ್, ಸ್ಲೀಪ್ ಎಲ್ಲ ಬಂದ್. ಸದ್ದು ಚಟಪಟ ಎಂದರೆ ಸಾಫ್ಟ್‌ವೇರಿನ ಆಡಿಯೊ ಸೆಟ್ಟಿಂಗಿನಲ್ಲಿ ಬಫರನ್ನು 256ರಿಂದ 512 ಸ್ಯಾಂಪಲ್ಲಿಗೆ ಏರಿಸಿ.

ತಂತಿಗಳು

ಕಾರ್ಯಕ್ರಮ ನಿಲ್ಲಿಸುವುದು ನೂರಿನ್ನೂರು ರೂಪಾಯಿಯ ವಸ್ತುಗಳೇ. ಡಿಡಿಜೆ-ಎಫ್‌ಎಲ್‌ಎಕ್ಸ್4ನಂಥ ಆರಂಭಿಕ ಕಂಟ್ರೋಲರಿನ ಮಾಸ್ಟರ್ ಔಟ್ ಕೆಂಪು-ಬಿಳಿ ಪಿನ್ನಿನ ಆರ್‌ಸಿಎ. ಸಭಾಗೃಹದ ಮಿಕ್ಸರ್ ಕೇಳುವುದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಅಥವಾ 6.3 ಮಿಮೀ ಜ್ಯಾಕ್. ಆರ್‌ಸಿಎಯಿಂದ ಈ ಎರಡಕ್ಕೂ ಒಂದೊಂದು ಜೋಡಿ ತಂತಿ, ಹೆಡ್‌ಫೋನಿಗೆ 3.5ರಿಂದ 6.3ರ ಎರಡು ಅಡಾಪ್ಟರ್, ಹೆಚ್ಚುವರಿ ಯುಎಸ್‌ಬಿ ಕೇಬಲ್, ಒಂದು ಪವರ್ ಸ್ಟ್ರಿಪ್, ತಂತಿಗಳನ್ನು ನೆಲಕ್ಕೆ ಅಂಟಿಸಲು ಗ್ಯಾಫರ್ ಟೇಪ್. ಎಲ್ಲವೂ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದೇ ಸಂಜೆ ಸಿಗುತ್ತವೆ. ಆರ್‌ಸಿಎ ತಂತಿ ಮೂರು ಮೀಟರಿಗಿಂತ ಉದ್ದ ಬೇಡ, ದಾರಿಯುದ್ದಕ್ಕೂ ಗೊಣಗುಟ್ಟುವಿಕೆಯನ್ನು ಹೀರಿಕೊಳ್ಳುತ್ತದೆ.

ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್ ಎಂದರೆ ಅದು ಗ್ರೌಂಡ್ ಲೂಪ್ (ಎರಡು ಕಡೆಯ ಅರ್ತ್ ಸೇರಿ ಆಗುವ ಸುತ್ತು). ನಿಮ್ಮ ಸಾಮಾನು, ಸೌಂಡಿನವರ ಮಿಕ್ಸರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಹೋಗದಿದ್ದರೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಕೇಳಿ. ಅರ್ತ್ ಪಿನ್ ಮುರಿಯುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡಿ. ಮಳೆಗಾಲದ ಒದ್ದೆ ಟೆರೇಸಿನಲ್ಲಿ ಅದು ಜೀವದ ಪ್ರಶ್ನೆ.

ಸದ್ದಿನ ಮಟ್ಟ

ಒಂದೂವರೆ ಗಂಟೆ ಮೊದಲು ತಲುಪಿ. ಹಾಡಿನ ಅತಿ ಜೋರಿನ ಭಾಗ ಹಾಕಿ ಟ್ರಿಮ್ ಗುಂಡಿಯಿಂದ ಚಾನೆಲ್ ಮೀಟರನ್ನು ಹಸಿರಿನ ತುದಿಗೆ ತನ್ನಿ, ಆಗೀಗ ಕಿತ್ತಳೆ ಮಿನುಗಿದರೆ ಅಡ್ಡಿಯಿಲ್ಲ. ಕೆಂಪು ಬೇಡ. ಕೆಂಪಿಗೆ ಹೋದ ಸಿಗ್ನಲ್ಲಿನ ತಲೆ ಕತ್ತರಿಸಿಹೋಗುತ್ತದೆ, ಹುಟ್ಟುವ ಕರ್ಕಶ ಸ್ವರಗಳು ಟ್ವೀಟರನ್ನು ಸುಡಬಲ್ಲವು. ಸಾಲದೆನಿಸಿದರೆ ಆಂಪ್ಲಿಫೈಯರಿನ ಕಡೆಯಿಂದ ಏರಿಸಲು ಸೌಂಡಿನವರಿಗೆ ಹೇಳಿ. ಖಾಲಿ ಹಾಲ್ ಮೊಳಗುತ್ತದೆ. ಜನ ತುಂಬಿದ ಮೇಲೆ ಮೈ, ಸೀರೆ, ಶೇರ್ವಾನಿಗಳು ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಅರ್ಧ ಗಂಟೆಗೊಮ್ಮೆ ಪರಿಚಯದವರನ್ನು ಹಿಂದಿನ ಸಾಲಿಗೆ ಕಳಿಸಿ ಕೇಳಿಸಿಕೊಳ್ಳಿ.

ಮಾನಿಟರ್ ಸ್ಪೀಕರ್ (ನಿಮ್ಮ ಹತ್ತಿರವೇ, ನಿಮ್ಮ ಕಡೆಗೆ ತಿರುಗಿಸಿಟ್ಟ ಸ್ಪೀಕರ್) ಬೇಕೆಂದು ಮೊದಲೇ ಕೇಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮುಖ್ಯ ಸ್ಪೀಕರ್ ನಿಮ್ಮಿಂದ 10 ಮೀಟರ್ ದೂರವಿದ್ದರೆ ಅದರ ಪೆಟ್ಟು ನಿಮ್ಮ ಕಿವಿಗೆ ಸುಮಾರು 30 ಮಿಲಿಸೆಕೆಂಡ್ ತಡ. ಆ ಪೆಟ್ಟಿಗೆ ಹೊಂದಿಸಿ ಬೀಟ್ ಜೋಡಿಸಿದರೆ ಕುಣಿಯುವವರಿಗೆ ಕುದುರೆ ಓಡಿದಂತೆ ಕೇಳುತ್ತದೆ. ಮನೆಯಲ್ಲಿ ಸರಿಬಂದದ್ದು ಹಾಲ್‌ನಲ್ಲಿ ತಪ್ಪುವುದು ಹೆಚ್ಚಾಗಿ ಇದರಿಂದ.

ಗಡಿಯಾರ

ಶಬ್ದ ಮಾಲಿನ್ಯ ನಿಯಮಗಳ (2000) ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಮಧ್ಯರಾತ್ರಿವರೆಗೆ ಬಿಡಬಹುದು. ಟೆರೇಸಿನ ಮೆಹಂದಿ ಆ ದಿನಗಳಲ್ಲೇ ಬೀಳುತ್ತದೆಂದು ನೆಚ್ಚಬೇಡಿ. ಲಿಖಿತ ಅನುಮತಿ ಪಡೆದಿದ್ದಾರೆಯೇ ಎಂದು ಆಯೋಜಕರನ್ನು ಕೇಳಿ.

ಇದರ ಲೆಕ್ಕ ಹೀಗೆ: ಎಂಟಕ್ಕೆಂದ ಕಾರ್ಯಕ್ರಮಕ್ಕೆ ವಿರಾರ್‌ನವರು, ಪನ್ವೇಲ್‌ನವರು ಬಂದು ಸೇರುವಾಗ ಒಂಬತ್ತು. ಆರತಕ್ಷತೆ, ಫೋಟೊ, ಭಾಷಣ ಮುಗಿದು ನಿಮಗೆ ಉಳಿಯುವುದು 40 ನಿಮಿಷ. ಆದ್ದರಿಂದ ಒಂದು ಗಂಟೆಯ ಆಟದ (ಹಾಡುಗಳ ಸರಣಿಯ) ಜೊತೆ 40 ನಿಮಿಷದ ಆವೃತ್ತಿಯೊಂದನ್ನೂ ಕಟ್ಟಿಕೊಂಡಿರಿ, ಕೊನೆಯ ಹಾಡು 9:50ಕ್ಕೆ ಶುರುವಾಗುವಂತೆ. ಜನ ಊಟ ಮಾಡುತ್ತಿರುವಾಗ ದೊಡ್ಡ ಹಾಡು ಸುಡಬೇಡಿ, ಹಳೆಯ ಮಧುರ ಗೀತೆ ಹಾಕಿ. ಮೊದಲು ಹಿರಿಯರನ್ನು ಅಂಗಳಕ್ಕೆ ಇಳಿಸುವ ಹಾಡು. ಅಜ್ಜಿ ಎರಡು ಹೆಜ್ಜೆ ಹಾಕಿದರೆ ಉಳಿದವರ ಸಂಕೋಚ ತಾನೇ ಕಳಚುತ್ತದೆ. ವಧೂವರರ ಪ್ರವೇಶದ ಹಾಡಿಗೆ ಬೇರೆಯೇ ಪ್ಲೇಲಿಸ್ಟ್ ಇರಲಿ, ಯಾವ ಸಾಲಿನಿಂದ ಶುರು ಎಂಬುದನ್ನು ಮನೆಯವರಿಂದ ಬರೆಸಿಕೊಳ್ಳಿ.

ಅಭ್ಯಾಸ, ಎಡವಟ್ಟು

ಪೂರ್ತಿ ಆಟವನ್ನು ನಿಂತೇ, ನಿಲ್ಲಿಸದೆ, ಮೂರು ಬಾರಿಯಾದರೂ ರೆಕಾರ್ಡ್ ಮಾಡಿ. ತಪ್ಪಿದಾಗ ನಿಲ್ಲಿಸಿ ಮತ್ತೆ ಶುರುಮಾಡುವ ರೂಢಿಯಾದರೆ ವೇದಿಕೆಯಲ್ಲಿ ಸಾವರಿಸಿಕೊಳ್ಳಲು ಬರುವುದಿಲ್ಲ. ಮರುದಿನ ಲೋಕಲ್ ಟ್ರೇನಿನಲ್ಲಿ ಕೇಳಿ.

ನಡೆಯುತ್ತಿರುವ ಹಾಡಿನ ಬಟನ್ನನ್ನೇ ಒತ್ತಿ ನಿಲ್ಲಿಸಿಬಿಡುವುದು ಹೊಸಬರ ಸಾಮಾನ್ಯ ತಪ್ಪು. ಏನನ್ನು ಒತ್ತುವ ಮುನ್ನವೂ ಯಾವ ಫೇಡರ್ ಮೇಲಿದೆ ಎಂದು ಕಣ್ಣು ಹಾಯಿಸಿ. ಬೀಟ್ ಕಳಚಿದರೆ ತಿದ್ದುತ್ತ ಕೂರಬೇಡಿ, ಒಂದು ಹಾಡಿನ ಫೇಡರನ್ನು ಥಟ್ಟನೆ ಇಳಿಸಿ. ಎರಡು ಸೆಕೆಂಡಿನ ಪೆಟ್ಟನ್ನು ಯಾರೂ ನೆನಪಿಡುವುದಿಲ್ಲ, ಅರ್ಧ ನಿಮಿಷದ ಗೊಂದಲಕ್ಕೆ ಜನ ಕುರ್ಚಿಗೆ ಮರಳುತ್ತಾರೆ. 20 ನಿಮಿಷದ ರೆಕಾರ್ಡ್ ಮಾಡಿದ ಮಿಕ್ಸ್ ಫೋನಿನಲ್ಲಿ, ಏರೋಪ್ಲೇನ್ ಮೋಡಿನಲ್ಲಿ, ಸಭಾಗೃಹದ ಮಿಕ್ಸರಿನ ಬೇರೊಂದು ಚಾನೆಲ್ಲಿಗೆ ಸಿಕ್ಕಿಸಿಟ್ಟಿರಲಿ. ಲ್ಯಾಪ್‌ಟಾಪ್ ಸತ್ತರೆ ಆ ಫೇಡರ್ ಏರಿಸಿ, ಆಮೇಲೆ ರಿಪೇರಿ.

ಇಂಥ ಹಾಡು ಹಾಕಿ ಎಂದು ಕೇಳಲು ಬಂದವರಿಗೆ ಇಲ್ಲವೆನ್ನಬೇಡಿ. ನಿಮ್ಮಲ್ಲಿದ್ದರೆ "ಮೂರು ಹಾಡಿನ ಮೇಲೆ" ಎನ್ನಿ, ಹೇಳಿದಂತೆ ಹಾಕಿ. ನಿಮ್ಮಲ್ಲಿಲ್ಲದ್ದನ್ನು ಅವರ ಫೋನಿನಿಂದ ಹಾಕಲು ಹೋಗಬೇಡಿ.

ಮುಗಿದ ಮೇಲೆ ಮಾಸ್ಟರ್ ಇಳಿಸಿ, ಮೊದಲು ಆಂಪ್ಲಿಫೈಯರ್ ಅಥವಾ ಪವರ್ಡ್ ಸ್ಪೀಕರ್ ಆರಿಸಲು ಹೇಳಿ, ಆಮೇಲೆ ಮಿಕ್ಸರ್, ಕೊನೆಗೆ ಪ್ಲೇಯರ್. ಹಚ್ಚುವಾಗ ಇದರ ತಿರುವುಮುರುವು. ಕ್ರಮ ತಪ್ಪಿದರೆ ಧಡ್ ಎಂಬ ಪೆಟ್ಟು ನೇರ ವೂಫರಿಗೆ. ಪ್ಲೇಯರ್ ಆರಿಸುವ ಮುನ್ನ ಯುಎಸ್‌ಬಿ ಸ್ಟಾಪ್ ಒತ್ತಿ ಪೆನ್‌ಡ್ರೈವ್ ತೆಗೆಯಿರಿ, ಅಡಾಪ್ಟರುಗಳನ್ನು ಎಣಿಸಿ ಚೀಲಕ್ಕೆ ಹಾಕಿ.