ಹಳೆಯ ಡೀಸೆಲ್ ಕಾರು, ಬನದ ಹುಣ್ಣಿಮೆ, ಅರಬೈಲ್ ಘಟ್ಟ

ನಮ್ಮ ಮನೆಯ ಸ್ವಿಫ್ಟ್ ಡಿಸೈರ್ 2010ರದು, ಡೀಸೆಲ್. ಮೀಟರು ಎರಡೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಮನೆ ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ಕಚೇರಿಗೆ ನಾನು ಚಿಗರಿ ಬಸ್ಸಿನಲ್ಲಿ ಹೋಗುವುದರಿಂದ ವರ್ಷದ ಬಹುಪಾಲು ಕಾರು ತಗಡಿನ ಶೆಡ್ಡಿನಲ್ಲಿ ನಿಂತಿರುತ್ತದೆ. ದೀಪಾವಳಿ ಮುಗಿಯಿತೆಂದರೆ ಅದಕ್ಕೆ ಬಿಡುವಿಲ್ಲ. ಡಿಸೆಂಬರ್ ರಜೆಗೆ ಮಕ್ಕಳಿಗೆ ಗೋಕರ್ಣದ ಸಮುದ್ರ ಬೇಕು, ಸಂಕ್ರಾಂತಿಗೆ ಹೆಂಡತಿಯ ತವರಿನವರೊಂದಿಗೆ ಕೂಡಲಸಂಗಮದಲ್ಲಿ ಹೊಳೆಯ ಸ್ನಾನ, ಬನದ ಹುಣ್ಣಿಮೆಗೆ ಅವ್ವನಿಗೆ ಬಾದಾಮಿಯ ಬನಶಂಕರಿ. ನಡುವೆ ಗದಗಿನ ಕಡೆ ಒಂದು ಮದುವೆ, ಹಾವೇರಿಯ ಕಡೆ ಒಂದು ಕುಬಸ ಬಂದೇ ಬರುತ್ತವೆ. ಎಲ್ಲದಕ್ಕೂ ಇದೇ ಕಾರು.

"ಇಷ್ಟು ಹಳೆಯ ಗಾಡಿಯಲ್ಲಿ ವಯಸ್ಸಾದವರನ್ನು, ಮಕ್ಕಳನ್ನು ಕಟ್ಟಿಕೊಂಡು ಅದು ಹೇಗೆ ಹೋಗುತ್ತೀರಿ?" ಎಂದು ನನ್ನ ಷಡ್ಡಕರು ಪ್ರತಿ ವರ್ಷ ಕೇಳುತ್ತಾರೆ. ಹಳೆಯ ಕಾರಿನಲ್ಲಿ ಸದ್ದು ಮಾಡುವ ಭಾಗಗಳೇ ಬೇರೆ, ನಡುದಾರಿಯಲ್ಲಿ ನಿಲ್ಲಿಸುವ ಭಾಗಗಳೇ ಬೇರೆ ಎನ್ನುವುದು ನನ್ನ ಉತ್ತರ. ನಮ್ಮ ಕಾರಿನ ಹಿಂದಿನ ಎಡಬಾಗಿಲು ಲೊಡಲೊಡ ಎನ್ನುತ್ತದೆ, ಒಂದು ಕಿಟಕಿಯ ಗಾಜು ಏರಲು ಮನಸ್ಸು ಮಾಡಬೇಕು, ಬಾನೆಟ್ಟಿನ ಬಣ್ಣ ಹೊಪ್ಪಳಿಕೆ ಎದ್ದಿದೆ. ಇವಕ್ಕೆ ನಾನು ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಗಾಡಿಯನ್ನು ನಿಲ್ಲಿಸಬಲ್ಲವು ಬ್ಯಾಟರಿ, ಸೆಲ್ಫ್ ಮೋಟಾರು, ಬೆಲ್ಟು, ನೀರಿನ ಪೈಪು, ಕ್ಲಚ್ಚು, ಡೀಸೆಲ್ ಫಿಲ್ಟರು, ಟೈರು, ಹೆಚ್ಚೆಂದರೆ ಇಷ್ಟೇ. ಇವು ಕೆಡುವ ತನಕ ಕಾಯದೆ, ವಯಸ್ಸು ನೋಡಿ ಬದಲಿಸುತ್ತೇನೆ. ಬ್ರೇಕಿನದು ಬೇರೆಯೇ ಲೆಕ್ಕ, ಅಲ್ಲಿ ಚೌಕಾಸಿ ಇಲ್ಲ.

ವಯಸ್ಸು ಗೊತ್ತಾಗಬೇಕಾದರೆ ಬರೆದಿಡಬೇಕು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಇನ್ನೂರು ಪುಟದ ನೋಟುಪುಸ್ತಕವಿದೆ. ಯಾವ ಭಾಗ, ಯಾವ ತಾರೀಖು, ಮೀಟರು ಎಷ್ಟು ತೋರಿಸುತ್ತಿತ್ತು, ಎಷ್ಟು ಕೊಟ್ಟೆ ಎಂದು ನಾಲ್ಕು ಕಲಮುಗಳು. ಗ್ಯಾರೇಜಿನ ಮಿಸ್ತ್ರಿಗೆ ಅದು ಮೊದಮೊದಲು ನಗೆಯ ವಸ್ತುವಾಗಿತ್ತು. ಈಗ ಅವರೇ "ಸರ್, ಪುಸ್ತಕ ತನ್ನಿ, ಕ್ಲಚ್ ಪ್ಲೇಟು ಯಾವಾಗ ಹಾಕಿದ್ದೆವು ನೋಡೋಣ" ಎನ್ನುತ್ತಾರೆ.

ಇನ್ನೊಂದು ಕಟ್ಟುನಿಟ್ಟು: ದೊಡ್ಡ ಕೆಲಸವೆಲ್ಲ ಕಾರ್ತಿಕದಲ್ಲೇ ಮುಗಿಯಬೇಕು. ನಾಳೆ ಬೆಳಿಗ್ಗೆ ಪ್ರಯಾಣ, ಇವತ್ತು ಸಂಜೆ ಸರ್ವೀಸ್ ಎನ್ನುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಅಪಾಯದ ದಿನ ಇನ್ನೊಂದಿಲ್ಲ. ಬಿಗಿಯಾಗದ ಕ್ಲಿಪ್ಪು, ಸರಿಯಾಗಿ ಕೂರದ ಪೈಪು, ಹೊಸದಾಗಿದ್ದೂ ದೋಷವಿರುವ ಬಿಡಿಭಾಗ ಇವೆಲ್ಲ ತಮ್ಮ ಗುಣ ತೋರಿಸುವುದು ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ. ಅಷ್ಟು ದೂರವನ್ನು ಗೋಕುಲ ರಸ್ತೆ, ಉಣಕಲ್, ಧಾರವಾಡದ ನಡುವೆ ಓಡಿಸಿಯೇ ಮುಗಿಸಿಬಿಟ್ಟರೆ, ತೊಂದರೆ ಬಂದರೂ ಗ್ಯಾರೇಜಿಗೆ ನಡೆದು ಹೋಗಬಹುದು.

ಈಗ ಬ್ಯಾಟರಿ. ನಮ್ಮ ಚಳಿ ಹಿಮ ಬೀಳುವ ಊರುಗಳ ಚಳಿಯಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ 12-14 ಡಿಗ್ರಿಗೆ ಇಳಿದರೆ ಅವ್ವ ಕುಲಾಯಿ ಹುಡುಕುತ್ತಾಳೆ, ಅಷ್ಟೆ. ಗಟ್ಟಿಯಾದ ಬ್ಯಾಟರಿ ಇದಕ್ಕೆ ಜಗ್ಗುವುದಿಲ್ಲ. ಅದನ್ನು ನಿಜವಾಗಿ ತಿನ್ನುವುದು ನಮ್ಮ ಬೇಸಿಗೆ: ಬಾನೆಟ್ಟಿನ ಕೆಳಗಿನ ಕಾವಿಗೆ ಒಳಗಿನ ನೀರು ಆರುತ್ತದೆ, ಸೀಸದ ತಗಡುಗಳು ಬೇಗ ಸವೆಯುತ್ತವೆ. ಆದರೆ ಬಿಸಿಯಲ್ಲಿ ಎಂಜಿನ್ ಆಯಿಲ್ ತೆಳುವಾಗಿದ್ದು ಎಂಜಿನ್ ಸಲೀಸಾಗಿ ತಿರುಗುವುದರಿಂದ ಆ ಸವಕಳಿ ಕಣ್ಣಿಗೆ ಬೀಳುವುದಿಲ್ಲ. ಚಳಿಗೆ ಆಯಿಲ್ ಮಂದವಾಗಿ, ಬ್ಯಾಟರಿಯೊಳಗಿನ ಕ್ರಿಯೆಯೂ ನಿಧಾನವಾದಾಗ ಬಂಡವಾಳ ಬಯಲಾಗುತ್ತದೆ. ಏಪ್ರಿಲ್‌ನಲ್ಲಿ ಮಾಡಿದ ಸಾಲವನ್ನು ಡಿಸೆಂಬರ್ ವಸೂಲಿ ಮಾಡುತ್ತದೆ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಐದುನೂರು ರೂಪಾಯಿಯೊಳಗಿನ ಒಂದು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಎಂದರೆ ಅರ್ಧ ಖಾಲಿ. ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರು ನೋಡುತ್ತೇನೆ. ಆ ಎರಡು ಮೂರು ಸೆಕೆಂಡಿನಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯನ್ನು ನಂಬಿ ಊರು ಬಿಡುವುದಿಲ್ಲ. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇದ್ದರೆ ಡೈನಮೋ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ನಾಲ್ಕು ವರ್ಷ ತುಂಬಿದ ಬ್ಯಾಟರಿಯನ್ನು ಅಂಕಿ ಚೆನ್ನಾಗಿದ್ದರೂ ಚಳಿಗಾಲಕ್ಕೆ ಮುಂಚೆಯೇ ಅಂಗಡಿಗೆ ಒಪ್ಪಿಸಿ ಹೊಸದು ತರುತ್ತೇನೆ; ಹಳೆಯದಕ್ಕೆ ಒಂದಿಷ್ಟು ಕಡಿತ ಸಿಗುತ್ತದೆ.

ಇಲ್ಲಿ ಬಹಳ ಜನ ಹಣ ಕಳೆದುಕೊಳ್ಳುವ ಒಂದು ಜಾಗವಿದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಮೊದಲು ಬ್ಯಾಟರಿ ಬದಲಿಸುತ್ತಾರೆ, ಅದರಿಂದಲೂ ಆಗದಿದ್ದರೆ ಸೆಲ್ಫ್ ಮೋಟಾರು ಬಿಚ್ಚಿಸುತ್ತಾರೆ. ಹದಿನೈದು ವರ್ಷದ ಕಾರಿನಲ್ಲಿ ನಾನು ಮೊದಲು ಅನುಮಾನಿಸುವುದು ಬ್ಯಾಟರಿಯ ನೆಗೆಟಿವ್ ತುದಿಯಿಂದ ಹೊರಡುವ ಅರ್ಥ್ ವೈರನ್ನು. ಕಾರಿನ ಬಾಡಿಗೂ ಎಂಜಿನ್ನಿಗೂ ಬೋಲ್ಟು ಹಾಕಿದ ಜಾಗದಲ್ಲಿ ಅದು ತುಕ್ಕು ತಿಂದಿರುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ವೈರಿನಲ್ಲಿದೆ. ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ ವ್ಯಾಸಲೀನ್ ಸವರಿದರೆ ಮುಗಿಯಿತು. ಖರ್ಚು ಒಂದು ಚಹಾದಷ್ಟೂ ಇಲ್ಲ.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲೆಂದು ಸಿಲಿಂಡರನ್ನು ಒಳಗಿನಿಂದ ಕಾಯಿಸುವ ಹೀಟರ್ ಪ್ಲಗ್ಗಿನ ವಿಷಯ ಚಿಕ್ಕದು. ನಾಲ್ಕು ಸಿಲಿಂಡರಿಗೆ ನಾಲ್ಕು. ಈ ಎಂಜಿನ್ ಕಾಮನ್ ರೈಲ್, ಅಂದರೆ ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸುವಂಥದ್ದು, ಆದ್ದರಿಂದ ನಮ್ಮ ಚಳಿಯಲ್ಲಿ ಒಂದೆರಡು ಸತ್ತಿದ್ದರೂ ಸ್ಟಾರ್ಟ್ ಆಗುತ್ತದೆ, ಆದರೆ ಮೊದಲ ಅರ್ಧ ನಿಮಿಷ ನಡುಗುತ್ತದೆ, ಬಿಳಿ ಹೊಗೆ ಬಿಡುತ್ತದೆ. ಹಳೆಯ ಪ್ಲಗ್ಗು ಎಂಜಿನ್ನಿನ ಮೇಲುಭಾಗವಾದ ಹೆಡ್ಡಿನಲ್ಲಿ ಕಚ್ಚಿಕೊಂಡಿರುತ್ತದೆ. ಎಂಜಿನ್ ಬಿಸಿ ಇರುವಾಗಲೇ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ತಾಳ್ಮೆಯಿಂದ ಪಾನಾ ತಿರುಗಿಸಬೇಕು. ಅವಸರ ಮಾಡಿದರೆ ಮುರಿಯುತ್ತದೆ, ಆಮೇಲೆ ಹೆಡ್ಡನ್ನೇ ಇಳಿಸಬೇಕಾದೀತು. ಕೀಲಿ ತಿರುಗಿಸಿ ಕಿತ್ತಳೆ ಬಣ್ಣದ ಸುರುಳಿ ದೀಪ ಆರುವ ತನಕ ಕಾಯುವುದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ರೂಢಿ ಮಾಡಿಸಿದ್ದೇನೆ.

ಆಯಿಲ್ ಬಗ್ಗೆ ಮಿಸ್ತ್ರಿಗೂ ನನಗೂ ಇವತ್ತಿಗೂ ಒಪ್ಪಂದವಿಲ್ಲ. "ಗಾಡಿ ಹಳೆಯದಾಯಿತು ಸರ್, ದಪ್ಪ ಆಯಿಲ್ ಹಾಕಿ" ಎನ್ನುವುದು ಅವರ ವಾದ. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ತೆರೆದು ಮುಚ್ಚಿಸಲು ಟೈಮಿಂಗ್ ಬೆಲ್ಟಿನ ಬದಲು ಚೈನು ಇದೆ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರು ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಚಳಿಯ ಬೆಳಿಗ್ಗೆ ದಪ್ಪ ಆಯಿಲ್ ಚೈನಿಗೂ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊಗೂ ತಲುಪುವುದು ತಡ. ಹಾಗಾಗಿ ಕೈಪಿಡಿಯಲ್ಲಿರುವ ದರ್ಜೆಯನ್ನೇ ಹಾಕಿಸುತ್ತೇನೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟವನ್ನು ಮೇಲಿನ ಗೆರೆಯ ಹತ್ತಿರ ಇಡುತ್ತೇನೆ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿಡುವ ಅಗತ್ಯವಿಲ್ಲ; ಅರ್ಧ ನಿಮಿಷ ಬಿಟ್ಟು ಹೊರಟು, ಮೊದಲ ನಾಲ್ಕೈದು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಎಂಜಿನ್ ತಾನೇ ಬಿಸಿಯೇರುತ್ತದೆ.

ಥರ್ಮೋಸ್ಟಾಟ್ ಎಂಬ ವಾಲ್ವಿನ ಬಗ್ಗೆ ಮಾತ್ರ ನಾನು ಹಟವನ್ನೇ ಮಾಡಿದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ಗಾಡಿ ಬಿಸಿಯಾಗುತ್ತದೆ ಎಂದರೆ ಮೊದಲು ಆ ವಾಲ್ವನ್ನು ಕಿತ್ತೆಸೆಯುತ್ತಾರೆ. ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ ಎಂಬ ನಂಬಿಕೆ. ಆ ವಾಲ್ವು ನೀರು 80ರಿಂದ 90 ಡಿಗ್ರಿಗೆ ಬರುವ ತನಕ ಅದನ್ನು ತಣಿಸುವ ರೇಡಿಯೇಟರಿಗೆ ಬಿಡದೆ ಎಂಜಿನ್ನಿನಲ್ಲೇ ಸುತ್ತಿಸುತ್ತದೆ. ಕಿತ್ತರೆ ಚಳಿಗಾಲದಲ್ಲಿ ಎಂಜಿನ್ ಹದವಾದ ಬಿಸಿಗೆ ಬರುವುದೇ ತಡ. ಡೀಸೆಲ್ ಹೆಚ್ಚು ಸುಡುತ್ತದೆ, ಕಾರಿನೊಳಗೆ ಹೀಟರಿನಿಂದ ಬೆಚ್ಚಗಿನ ಗಾಳಿಯ ಬದಲು ತಣ್ಣನೆಯ ಗಾಳಿ ಬರುತ್ತದೆ. ಮೇಲಾಗಿ, ಬಿಸಿಯಾಗುವ ಮೂಲ ಕಾರಣ, ಅಂದರೆ ಕಟ್ಟಿಕೊಂಡ ರೇಡಿಯೇಟರೋ ಸವೆದ ವಾಟರ್ ಪಂಪೋ, ಹಾಗೆಯೇ ಉಳಿಯುತ್ತದೆ. ಹೊಸ ವಾಲ್ವು, ಹೊಸ ರೇಡಿಯೇಟರ್ ಮುಚ್ಚಳ, ಮೇಲಿನ ಕೆಳಗಿನ ರಬ್ಬರ್ ಪೈಪುಗಳು, ಕೂಲಂಟ್ ಎಲ್ಲವನ್ನೂ ಒಟ್ಟಿಗೆ ಹಾಕಿಸಿದೆ. ನಲ್ಲಿಯ ನೀರು ಹಾಕುವವರು ಕೂಲಂಟ್ ಹಿಮದ ನಾಡಿನವರಿಗೆ ಎಂದುಕೊಂಡಿದ್ದಾರೆ. ಅದು ನೀರು ಕುದಿಯುವ ಮಟ್ಟವನ್ನು ಏರಿಸುತ್ತದೆ, ಒಳಗೆ ತುಕ್ಕು ಹಿಡಿಯದಂತೆ ತಡೆಯುತ್ತದೆ; ಎರಡೂ ನಮಗೇ ಬೇಕಾದವು.

ಇದರ ಪರೀಕ್ಷೆ ನಡೆಯುವುದು ಅರಬೈಲ್ ಘಟ್ಟದಲ್ಲಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯುವ ಹೆದ್ದಾರಿ 52. ಇಳಿಯುವಾಗ ಎರಡನೆಯ ಗೇರು, ಬ್ರೇಕನ್ನು ಒತ್ತಿ ಬಿಡುವುದು. ಒತ್ತಿಯೇ ಹಿಡಿದರೆ ಪ್ಯಾಡು ಕಾದು ಹಿಡಿತ ಸಡಿಲವಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿಯೇ ತೀರುತ್ತೇನೆ. ಹಿಂದಿರುಗುವಾಗ ಐದು ಜನ, ಚೀಲಗಳು, ಕರಾವಳಿಯ ತೆಂಗಿನಕಾಯಿ ಸಮೇತ ಏರಬೇಕು. ಅದಿರು, ಸಿಮೆಂಟಿನ ಲಾರಿಗಳ ಹಿಂದೆ ತೆವಳುತ್ತಾ ಏರುವಾಗ ಎದುರುಗಾಳಿಯೂ ಸಿಗುವುದಿಲ್ಲ. ನಾನು ಎಸಿ ಆರಿಸುತ್ತೇನೆ, ಎಂಜಿನ್ ಏದುಸಿರು ಬಿಡದಂತೆ ಕೆಳಗಿನ ಗೇರಿನಲ್ಲೇ ಇರುತ್ತೇನೆ, ಒಂದು ಕಣ್ಣು ಬಿಸಿಯ ಮುಳ್ಳಿನ ಮೇಲೆ. ಮುಳ್ಳು ನಡುಗೆರೆ ದಾಟಿದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನು ಜೋರು ಮಾಡುತ್ತೇನೆ. ಎಂಜಿನ್ನಿನ ಕಾವು ಒಳಗೆ ಬಂದು ಮಕ್ಕಳು ಕೂಗಾಡುತ್ತಾರೆ, ಆದರೆ ಅದು ಎರಡನೆಯ ರೇಡಿಯೇಟರ್ ಇದ್ದಂತೆಯೇ ಕೆಲಸ ಮಾಡುತ್ತದೆ. ಆಗಲೂ ಇಳಿಯದಿದ್ದರೆ ಜಾಗ ನೋಡಿ ನಿಲ್ಲಿಸುವುದು, ಪೂರ್ತಿ ಆರುವ ತನಕ ಮುಚ್ಚಳ ಮುಟ್ಟದಿರುವುದು. ಘಟ್ಟ ಏರಿ ಚಹಾಕ್ಕೆ ನಿಂತಾಗ ಕೂಡಲೇ ಕೀಲಿ ತಿರುಗಿಸದೆ ಒಂದು ನಿಮಿಷ ಎಂಜಿನ್ ಓಡಲು ಬಿಡುತ್ತೇನೆ, ಕಾದ ಟರ್ಬೊಗೆ ಆಯಿಲ್ ಸಿಗಲಿ ಎಂದು.

ಬಾದಾಮಿಯ ದಾರಿಯ ಕಷ್ಟವೇ ಬೇರೆ. ನವಲಗುಂದ, ನರಗುಂದದ ಎರೆಭೂಮಿಯಲ್ಲಿ ಮಳೆಗೆ ಉಬ್ಬಿದ ಮಣ್ಣು ಚಳಿಗಾಲದಲ್ಲಿ ಒಣಗಿ ಕುಗ್ಗುತ್ತದೆ, ಅದರ ಮೇಲಿನ ರಸ್ತೆ ಅಲೆಅಲೆಯಾಗುತ್ತದೆ. ತುಂಬಿದ ಕಾರು ಅಲ್ಲಿ ತೊಟ್ಟಿಲಾಡುತ್ತದೆ. ಶಾಕ್ ಅಬ್ಸಾರ್ಬರು, ಬುಶ್ಶುಗಳ ಯೋಗ್ಯತೆ ತಿಳಿಯುವುದು ಅಲ್ಲಿಯೇ. ಟೈರಿನ ಗಾಳಿಯನ್ನು ಬೆಳಿಗ್ಗೆ, ತಣ್ಣಗಿರುವಾಗಲೇ ನೋಡಿಸಬೇಕು. ಈ ಎಂಜಿನ್ ಫಿಯೆಟ್ ವಿನ್ಯಾಸದ್ದು, ಮಾರುತಿ, ಟಾಟಾ, ಫಿಯೆಟ್ ಮೂವರೂ ಬಳಸಿದ್ದು. 2020ರಲ್ಲಿ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದರೂ ತಾಲ್ಲೂಕಿನ ಅಂಗಡಿಗಳಲ್ಲಿ ಇದರ ಫಿಲ್ಟರು, ಬೆಲ್ಟು ಇನ್ನೂ ಸಿಗುತ್ತವೆ. ಆದರೂ ಒಂದು ಬೆಲ್ಟು, ಫ್ಯೂಸುಗಳು, ಪೈಪಿನ ಕ್ಲಿಪ್ಪು, ಜಂಪರ್ ವೈರು, ಎರಡು ಬಾಟಲಿ ನೀರು ಡಿಕ್ಕಿಯಲ್ಲಿರುತ್ತವೆ. ಡಿಸೈರಿನಲ್ಲಿ ಸ್ಟೆಪ್ನಿ ಸಾಮಾನಿನ ಕೆಳಗಿರುವುದರಿಂದ ಜಾಕು, ಪಾನಾಗಳನ್ನು ರೊಟ್ಟಿಯ ಬುಟ್ಟಿಯ ಪಕ್ಕದಲ್ಲೇ ಇಡುತ್ತೇನೆ.

ಇಷ್ಟೆಲ್ಲ ಮಾಡಿಯೂ ಕತ್ತಲಲ್ಲಿ ಹೊರಡುವುದಿಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಆಸುಪಾಸಿಗೆ. ಕಿರವತ್ತಿಯ ಕಾಡಿನಲ್ಲಿ ಅದುವರೆಗೂ ಮಂಜು. ಬಾಗಲಕೋಟೆಯ ಕಡೆ, ಹಳಿಯಾಳದ ಕಡೆ ಕಬ್ಬಿನ ಹಂಗಾಮು ಜೋರಾಗಿದ್ದು, ಹಿಂದೆ ದೀಪವೇ ಇಲ್ಲದ ಜೋಡಿ ಟ್ರೇಲರ್‌ಗಳು ರಸ್ತೆಯ ನಡುವೆ ಸಾಗುತ್ತಿರುತ್ತವೆ. ಹದಿನೈದು ವರ್ಷದ ಹೆಡ್‌ಲೈಟಿನ ಗಾಜು ಎಷ್ಟು ಉಜ್ಜಿದರೂ ಹೊಸದಾಗುವುದಿಲ್ಲ. ಅವ್ವ ನಾಲ್ಕಕ್ಕೇ ಎದ್ದು ಸೀರೆ ಉಟ್ಟು ಕೂತಿದ್ದರೂ ನಾವು ಹೊರಡುವುದು ಬೆಳಕು ಹರಿದ ಮೇಲೆ. ಗಾಜಿನ ಒಳಗೆ ಇಬ್ಬನಿ ಕಟ್ಟಿದರೆ ಬಟ್ಟೆಯಿಂದ ಒರೆಸುತ್ತಾ ಕೂರದೆ ಎಸಿ ಹಾಕಬೇಕು, ಅದು ಗಾಳಿಯ ತೇವವನ್ನು ಹೀರಿಬಿಡುತ್ತದೆ. ಚಳಿಯಲ್ಲಿ ಎಸಿ ಏಕೆ ಎಂದು ಹಿಂದಿನ ಸೀಟಿನಿಂದ ಬರುವ ಪ್ರಶ್ನೆಗೆ ಹೀಟರಿನ ಗುಂಡಿಯನ್ನು ಒಂದಿಷ್ಟು ಬಿಸಿಯ ಕಡೆ ತಿರುಗಿಸುವುದೇ ಉತ್ತರ.

ಹತ್ತು ವರ್ಷ ದಾಟಿದ ಡೀಸೆಲ್ ಕಾರನ್ನು ರಸ್ತೆಗೆ ತರುವಂತಿಲ್ಲವಂತೆ ಎಂದು ಮೊಬೈಲಿನಲ್ಲಿ ಓದಿ ಬಂದು ಹೆದರಿಸುವವರಿದ್ದಾರೆ. ಆ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನಮ್ಮ ಕೆಎ-25 ಕಾರಿಗೂ ಅದಾಗಿದೆ. ತಪಾಸಣೆಯ ದಿನ ಬ್ರೇಕು, ಸ್ಟೀರಿಂಗು, ದೀಪ, ಹೊಗೆಯ ಪ್ರಮಾಣಪತ್ರ ಸರಿ ಇದ್ದರೆ ಲೊಡಲೊಡ ಬಾಗಿಲನ್ನು ಯಾರೂ ಕೇಳುವುದಿಲ್ಲ.

ಕಾರಿಗೂ ಒಂದು ಮಿತಿ ಹಾಕಿದ್ದೇನೆ. ಒಂದು ದಿನದಲ್ಲಿ ಹೋಗಿ ತಲುಪಬಹುದಾದ ಊರುಗಳಿಗೆ ಮಾತ್ರ ಇದು. ತಿರುಪತಿ, ಪಂಢರಪುರಕ್ಕೆ ರೈಲು. ಹೆಡ್ಡಿನ ಕೆಳಗೆ ಸೋರದಂತೆ ಕೂರಿಸಿದ ಹೆಡ್ ಗ್ಯಾಸ್ಕೆಟ್ ಹೋದ ದಿನ, ಅಥವಾ ಮುಂದಿನ ಚಕ್ರಗಳನ್ನು ಹೊತ್ತ ಅಡಿಕಟ್ಟು ತುಕ್ಕಿನಿಂದ ತೂತಾದ ದಿನ ರಿಪೇರಿ ಮಾಡಿಸದೆ ಮಾರಿಬಿಡುವುದು ಎಂದು ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೇವೆ. ಸದ್ಯಕ್ಕೆ ಪುಸ್ತಕದಲ್ಲಿ ಬಾಕಿ ಇರುವುದು ಮುಂದಿನ ಎರಡು ಟೈರು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ 3119, ಅಂದರೆ 2019ರ ಮೂವತ್ತೊಂದನೆಯ ವಾರದಲ್ಲಿ ತಯಾರಾದವು. ಹಲ್ಲು ಇನ್ನೂ ಚೆನ್ನಾಗಿಯೇ ಇದೆ, ಆದರೆ ರಬ್ಬರು ಗಡುಸಾಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದೆ. ಬನದ ಹುಣ್ಣಿಮೆಗೆ ಮೊದಲು ಬದಲಿಸಬೇಕು.